ಮುಂಬೈಯ ಶರತ್ಕಾಲದಲ್ಲಿ ವಲಸೆ ಬೇಟೆಹಕ್ಕಿಗಳ ಎಣಿಕೆ: ವಿಧಾನ ಕುರಿತ ಟಿಪ್ಪಣಿ

ಹವಾಮಾನ ಇಲಾಖೆಯ ಈಗಿನ ಲೆಕ್ಕದಂತೆ ಮುಂಗಾರು ಮುಂಬೈಯಿಂದ ಹಿಂದೆ ಸರಿಯುವ ವಾಡಿಕೆಯ ದಿನ ಅಕ್ಟೋಬರ್ 8. ಮೋಡ ಚದುರಿ ನೆಲ ಕಾಯತೊಡಗಿದಾಗ ಬಿಸಿಗಾಳಿ ಮೇಲೇಳುತ್ತದೆ. ರೆಕ್ಕೆ ಬಡಿಯದೆ ತೇಲುತ್ತ ಸಾಗುವ ದೊಡ್ಡ ಬೇಟೆಹಕ್ಕಿಗಳಿಗೆ ಈ ಏರುಗಾಳಿಯೇ ಆಧಾರ. ಅದೇ ಬಿಸಿಲು ಕಡಲ ಗಾಳಿಯನ್ನೂ ಒಳಕ್ಕೆ ಎಳೆಯುತ್ತದೆ. ಹೊತ್ತೇರಿ ಆ ತಂಪು ಗಾಳಿ ದಂಡೆಯ ಮೇಲೆ ಹರಡಿದಂತೆ ಅಲ್ಲಿ ಏರುಗಾಳಿ ಕುಂದುತ್ತದೆ. ಆದ್ದರಿಂದ ಮಲಬಾರ್ ಹಿಲ್‌ನಲ್ಲಿ ಎಣಿಸಿದ ಒಂದು ಗಂಟೆಯನ್ನೂ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡದಲ್ಲಿ ಎಣಿಸಿದ ಒಂದು ಗಂಟೆಯನ್ನೂ ಸಮನಾಗಿ ಕಾಣುವಂತಿಲ್ಲ.

ಜಗತ್ತಿನ ಹೆಸರಾಂತ ಎಣಿಕೆ ತಾಣಗಳಿಗೆ ಅವುಗಳ ಭೂರಚನೆಯೇ ನೆರವಾಗಿದೆ. ಜಾರ್ಜಿಯಾದ ಬಟುಮಿಯಲ್ಲಿ ಕಪ್ಪು ಸಮುದ್ರಕ್ಕೂ ಕಾಕಸಸ್ ಪರ್ವತಗಳಿಗೂ ನಡುವಿನ ಕಿರಿದಾದ ಪಟ್ಟಿಯಲ್ಲಿ ಪ್ರತಿ ಶರತ್ಕಾಲದಲ್ಲೂ ಹತ್ತು ಲಕ್ಷಕ್ಕೂ ಹೆಚ್ಚು ಬೇಟೆಹಕ್ಕಿಗಳು ಹಾದುಹೋಗುತ್ತವೆ. ಹಿಮಾಲಯದ ಅಂಚಿನಲ್ಲಿ, ಧರ್ಮಶಾಲಾದಲ್ಲಿ, 2001ರ ಶರತ್ಕಾಲದಲ್ಲಿ ಯಾನ್ ಡೆನ್ ಬೆಸ್ಟನ್ ಸ್ಟೆಪ್ ಹದ್ದುಗಳ ಸಾಲನ್ನು ಎಣಿಸಿದ್ದರು. ಮುಂಬೈಗೆ ಅಂಥ ಇಕ್ಕಟ್ಟಿನ ದಾರಿ ಇಲ್ಲ. ನಗರದ ಪೂರ್ವಕ್ಕೆ ಕೊಂಕಣದ ತಗ್ಗು, ಅದರಾಚೆ ಸಹ್ಯಾದ್ರಿ, ಮತ್ತೂ ಆಚೆ ದಖ್ಖನ್ನಿನ ಬಯಲು. ಹಕ್ಕಿಗಳು ಈ ಅಗಲದಲ್ಲೆಲ್ಲ ಚದುರಿ ಸಾಗಬಲ್ಲವು. ಬಟುಮಿಯ ಮಾದರಿಯಲ್ಲಿ ಇಲ್ಲಿಯೂ ಋತುವಿನ ಒಟ್ಟು ಸಂಖ್ಯೆಯೊಂದನ್ನು ಕಟ್ಟುವುದು ತಪ್ಪು ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿನ ನಿಜವಾದ ತೊಡಕು ಕರಿ ಹದ್ದಿನದು. ದೇವನಾರ್ ಕಸದ ಗುಡ್ಡದ ಮೇಲೆ, ಮೀನು ಬಂದರುಗಳ ಮೇಲೆ ವರ್ಷವಿಡೀ ಸುತ್ತುವ ಹದ್ದುಗಳು ಊರಿನವೇ. ಚಳಿಗಾಲದಲ್ಲಿ ಅದೇ ಪ್ರಭೇದದ ಉತ್ತರದ ಉಪಪ್ರಭೇದ, ಕಪ್ಪುಕಿವಿ ಹದ್ದು, ಭಾರತಕ್ಕೆ ಇಳಿದು ಬರುತ್ತದೆ. ದಿಲ್ಲಿಯಲ್ಲಿ ನಿಶಾಂತ್ ಕುಮಾರ್ ಮತ್ತು ಸಂಗಡಿಗರು ಜಿಪಿಎಸ್ ಕಟ್ಟಿ ಹಿಂಬಾಲಿಸಿದ ಇಂಥ ಹದ್ದುಗಳು ಹಿಮಾಲಯದ ಎತ್ತರಗಳನ್ನು ದಾಟಿ ಮಧ್ಯ ಏಷ್ಯಾದತ್ತ ಮರಳಿದ್ದನ್ನು 2020ರಲ್ಲಿ ಪ್ರಕಟಿಸಿದರು. ಕಪ್ಪುಕಿವಿ ಹದ್ದು ಗಾತ್ರದಲ್ಲಿ ತುಸು ದೊಡ್ಡದು, ರೆಕ್ಕೆಯಡಿ ತುದಿಗರಿಗಳ ಬುಡದಲ್ಲಿ ಬಿಳುಪು ಹೆಚ್ಚು. ಆದರೆ ಈ ಗುರುತು ಹತ್ತಿರದಿಂದ, ಒಳ್ಳೆಯ ಬೆಳಕಿನಲ್ಲಿ ಮಾತ್ರ ನಂಬಿಕೆಗೆ ಅರ್ಹ. ದೂರದಲ್ಲಿ ಸುತ್ತುವ ನೂರು ಹದ್ದುಗಳಲ್ಲಿ ಅತಿಥಿ ಎಷ್ಟು, ನೆಲೆಸಿದವು ಎಷ್ಟು ಎಂದು ಊಹಿಸಿ ಬರೆಯುವುದಕ್ಕಿಂತ ಎಲ್ಲವನ್ನೂ 'ಕರಿ ಹದ್ದು' ಎಂದಷ್ಟೇ ಬರೆದು, ಸ್ಪಷ್ಟ ಚಿತ್ರ ದೊರೆತವನ್ನು ಮಾತ್ರ ಪ್ರತ್ಯೇಕ ಕಾಲಮಿನಲ್ಲಿ ದಾಖಲಿಸುವುದು ಪ್ರಾಮಾಣಿಕ ಕ್ರಮ. ಗುಂಪು ಸುತ್ತುತ್ತಿರುವಾಗ ಎಣಿಸಬಾರದು. ಏರುಗಾಳಿಯ ನೆತ್ತಿ ಮುಟ್ಟಿದ ಹಕ್ಕಿಗಳು ಒಂದರ ಹಿಂದೊಂದು ಜಾರಿ ಹೊರಡುವಾಗ, ಮೊದಲೇ ಗುರುತಿಟ್ಟುಕೊಂಡ ಗೆರೆಯೊಂದನ್ನು ದಾಟಿದವನ್ನಷ್ಟೇ ಎಣಿಸಬೇಕು. ಊರಿನ ಹದ್ದು ಆ ಗೆರೆಯನ್ನು ದಿನಕ್ಕೆ ಹತ್ತು ಸಲ ದಾಟೀತು. ಆದ್ದರಿಂದ ಮರಳಿ ಬಂದವನ್ನೂ ಬರೆದು ಕಳೆಯಬೇಕು.

ಅಮೂರ್ ಚಾಣದ ಕತೆಯೇ ಬೇರೆ. ಚೀನಾ, ಸೈಬೀರಿಯಾದ ಕಡೆಯಿಂದ ಹೊರಡುವ, ಸುಮಾರು 150 ಗ್ರಾಂ ತೂಗುವ ಈ ಹಕ್ಕಿ ನಾಗಾಲ್ಯಾಂಡಿನಲ್ಲಿ ತಂಗಿ, ಪರ್ಯಾಯದ್ವೀಪವನ್ನು ಹಾದು, ಅರಬ್ಬಿ ಸಮುದ್ರ ದಾಟಿ ಆಫ್ರಿಕಾ ಸೇರುತ್ತದೆ. 2012ರಲ್ಲಿ ದೊಯಾಂಗ್ ಜಲಾಶಯದ ಬಳಿ ಇವುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಬಲೆಗೆ ಕೆಡವಿದ ಸುದ್ದಿ ಹೊರಬಂತು. ಮರುವರ್ಷವೇ ಅಲ್ಲಿನ ಪಂಗ್ತಿ ಹಳ್ಳಿಯ ಜನ ಬೇಟೆ ನಿಲ್ಲಿಸಿದರು, ಭಾರತೀಯ ವನ್ಯಜೀವಿ ಸಂಸ್ಥೆ ಉಪಗ್ರಹ ಟ್ಯಾಗ್ ಕಟ್ಟತೊಡಗಿತು. ಆ ಹಳ್ಳಿಯವರ ನಿರ್ಧಾರಕ್ಕೆ ನಾವೆಲ್ಲ ಋಣಿಗಳು. ನವೆಂಬರಿನಲ್ಲಿ ಲೋಣಾವಳದ ಘಟ್ಟದಂಚಿನಲ್ಲಿ ಈ ಚಾಣಗಳ ಹಿಂಡು ಕಾಣಸಿಗುತ್ತದೆ. ಅದೇ ಕಾಲಕ್ಕೆ ಭಾರತದಿಂದ ಮಾಲ್ಡೀವ್ಸ್ ಮೂಲಕ ಆಫ್ರಿಕಾದತ್ತ ಹಾರುವ ಏರೋಪ್ಲೇನ್ ಚಿಟ್ಟೆಗಳೂ ಅವುಗಳಿಗೆ ದಾರಿಯ ಆಹಾರವಾಗುತ್ತಿರಬಹುದು ಎಂದು ಚಾರ್ಲ್ಸ್ ಆ್ಯಂಡರ್ಸನ್ 2009ರಲ್ಲಿ ಸೂಚಿಸಿದರು. ಚಾಣ ರೆಕ್ಕೆ ಬಡಿದು ಹಾರುವ ಹಕ್ಕಿ, ರಾತ್ರಿಯೂ ಪಯಣಿಸುತ್ತದೆ. ಹಗಲು ಕಂಡ ಸಂಖ್ಯೆ ಸಾಗಿಹೋದ ಸಂಖ್ಯೆಯ ಒಂದು ತುಣುಕು ಮಾತ್ರ.

ಠಾಣೆ ಖಾರಿ ಮತ್ತು ಭಾಂಡುಪ್ ಪಂಪಿಂಗ್ ಸ್ಟೇಷನ್ ಸುತ್ತಲಿನ ಜೌಗು ಸೆಳೆವಗಳನ್ನು ಮುಗಿಲಲ್ಲಿ ಹುಡುಕುವುದಕ್ಕಿಂತ ಸಂಜೆ ಅವು ತಂಗಲು ಇಳಿಯುವಾಗ ಎಣಿಸುವುದು ಲೇಸು. ಇದಕ್ಕೆ ನಮ್ಮಲ್ಲೇ ಮಾದರಿ ಇದೆ: ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಎಂ.ಬಿ. ಪ್ರಶಾಂತ್ ದೇಶದ ಸೆಳೆವ ತಂಗುದಾಣಗಳ ಎಣಿಕೆಗಳನ್ನು ಒಟ್ಟುಗೂಡಿಸಿ, ಮೂವತ್ತು ವರ್ಷಗಳಲ್ಲಿ ಸಂಖ್ಯೆ ಇಳಿದಿರುವ ಸೂಚನೆಯನ್ನು 2018ರಲ್ಲಿ ಮುಂದಿಟ್ಟರು. ಒಂದೇ ಜಾಗಕ್ಕೆ ವರ್ಷ ವರ್ಷ ಮರಳಿ ಹೋಗಿ ಎಣಿಸಿದವರ ಹಳೆಯ ಟಿಪ್ಪಣಿಗಳಿಲ್ಲದೆ ಆ ಇಳಿಕೆ ಗೋಚರಿಸುತ್ತಿರಲಿಲ್ಲ.

ಹೀಗಾಗಿ ಮುಂಬೈಯ ದಾಖಲೆಯಲ್ಲಿ ಹದ್ದು, ಚಾಣ, ಸೆಳೆವ ಮೂರಕ್ಕೂ ಬೇರೆ ಬೇರೆ ಹಾಳೆ ಬೇಕು, ಅವುಗಳ ಮೊತ್ತ ಬೇಡ. ಪ್ರತಿ ಹಾಳೆಯಲ್ಲೂ ನಿಂತ ಜಾಗ, ಆರಂಭ ಮತ್ತು ಅಂತ್ಯದ ಸಮಯ, ಎಣಿಸಿದವರ ಸಂಖ್ಯೆ, ಕಡಲ ಗಾಳಿ ಎದ್ದ ಹೊತ್ತು, ಮಬ್ಬಿನಲ್ಲಿ ಎಷ್ಟು ದೂರ ಕಾಣುತ್ತಿತ್ತು ಎಂಬುದು ಇರಲಿ. ಒಂದು ಹಕ್ಕಿಯೂ ಕಾಣದ ಗಂಟೆಯ ಮುಂದೆ ಖಾಲಿ ಬಿಡದೆ ಸೊನ್ನೆ ಬರೆಯಬೇಕು.