ವಿದ್ಯಾದಾನದ ಧರ್ಮಸಂಕಟ: ದಕ್ಷಿಣ ಆಫ್ರಿಕದ ಒಂದು ಮಿಷನ್ ಶಾಲೆಯ ಇತಿಹಾಸ

ವಿದ್ಯಾದಾನವು ದಾನಗಳಲ್ಲೆಲ್ಲ ಶ್ರೇಷ್ಠವೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಶಾಲೆಯನ್ನು ಕಟ್ಟಿಸಿದ ಮಹನೀಯರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ, ಅವರ ಭಾವಚಿತ್ರವನ್ನು ಸಭಾಂಗಣದಲ್ಲಿ ತೂಗುಹಾಕುತ್ತೇವೆ. ಅದು ಯೋಗ್ಯವೇ ಸರಿ. ಆದರೆ ತಾವೇ ಕಟ್ಟಿ ಬೆಳೆಸಿದ ಶಾಲೆಯನ್ನು ತಮ್ಮ ಕೈಯಾರೆ ಮುಚ್ಚಿದವರೂ ಇತಿಹಾಸದಲ್ಲಿದ್ದಾರೆ. ಹಣವಿಲ್ಲದೆ ಅಲ್ಲ, ವಿದ್ಯಾರ್ಥಿಗಳಿಲ್ಲದೆಯೂ ಅಲ್ಲ, ಆ ಶಾಲೆಯನ್ನು ಮುಂದುವರಿಸಿದರೆ ತಾವು ಅಧರ್ಮಕ್ಕೆ ಕೈಜೋಡಿಸಿದಂತಾಗುವುದೆಂಬ ಒಂದೇ ಕಾರಣಕ್ಕಾಗಿ. ಶಾಲೆಯೊಂದನ್ನು ಮುಚ್ಚುವುದು ಧರ್ಮವಾಗಬಲ್ಲುದೆ? ಕಲಿಯಬೇಕಾದ ಮಕ್ಕಳ ಗತಿಯೇನು? ಈ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ದಕ್ಷಿಣ ಆಫ್ರಿಕದ ಒಂದು ಕ್ರೈಸ್ತ ಶಾಲೆಯ ವೃತ್ತಾಂತವನ್ನು ಇಲ್ಲಿ ನಿರೂಪಿಸಲಾಗಿದೆ.

ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಚಿನ್ನದ ಗಣಿಗಳ ನಗರ. ಮಹಾತ್ಮಾ ಗಾಂಧಿಯವರು 1903ರಲ್ಲಿ ತಮ್ಮ ವಕೀಲಿ ಕಚೇರಿಯನ್ನು ತೆರೆದ ಊರೆಂದು ನಮ್ಮ ವಾಚಕರಿಗೆ ಅದರ ಹೆಸರು ಪರಿಚಿತ. ಅದೇ ವರ್ಷ ಇಂಗ್ಲೆಂಡಿನ ಕೆಲವು ಆಂಗ್ಲಿಕನ್ ಸನ್ಯಾಸಿಗಳು ಆ ನಗರಕ್ಕೆ ಬಂದರು. ಅವರು 1892ರಲ್ಲಿ ಚಾರ್ಲ್ಸ್ ಗೋರ್ ಎಂಬ ಪಾದ್ರಿಯು ಆಕ್ಸ್‌ಫರ್ಡಿನಲ್ಲಿ ಸ್ಥಾಪಿಸಿದ ‘ಪುನರುತ್ಥಾನ ಸಂಘ’ಕ್ಕೆ ಸೇರಿದವರು. ಈ ಸಂಘದ ಮಠ 1898ರಿಂದ ಯಾರ್ಕ್‌ಷೈರ್ ಪ್ರಾಂತದ ಮಿರ್‌ಫೀಲ್ಡ್ ಎಂಬಲ್ಲಿದೆ. ಸಂಘದ ಸದಸ್ಯರಿಗೆ ಬ್ರಹ್ಮಚರ್ಯ, ಬಡತನ ಮತ್ತು ಗುರುವಿನ ಆಜ್ಞಾಪಾಲನೆ ಎಂಬ ಮೂರು ವ್ರತಗಳು. ಯಾರೂ ಸ್ವಂತ ಆಸ್ತಿಯನ್ನು ಇಟ್ಟುಕೊಳ್ಳುವಂತಿಲ್ಲ, ದುಡಿದುದೆಲ್ಲವೂ ಸಂಘದ ಸಾಮಾನ್ಯ ಭಂಡಾರಕ್ಕೆ ಸಲ್ಲತಕ್ಕದ್ದು. ಅಪರಿಗ್ರಹವನ್ನು ಬಲ್ಲ ನಮಗೆ ಇಂತಹ ಜೀವನಕ್ರಮವು ತೀರ ಅಪರಿಚಿತವೇನಲ್ಲ.

ನಗರದ ದಕ್ಷಿಣದಲ್ಲಿರುವ ರೋಸೆಟನ್‌ವಿಲ್ ಎಂಬಲ್ಲಿ ಈ ಸಂಘದವರು ಆಶ್ರಮವನ್ನೂ ಆಫ್ರಿಕನ್ ಪಾದ್ರಿಗಳನ್ನು ತಯಾರುಮಾಡುವ ಗುರುಕುಲವನ್ನೂ ಕಟ್ಟಿದರು. ಅದರೊಂದಿಗೆ ‘ಸೇಂಟ್ ಪೀಟರ್ಸ್’ ಎಂಬ ಪ್ರೌಢಶಾಲೆಯೂ ವಿದ್ಯಾರ್ಥಿನಿಲಯವೂ ಬೆಳೆದವು. ಆ ಕಾಲದಲ್ಲಿ ಕಪ್ಪುಜನರ ಶಿಕ್ಷಣದ ಹೊಣೆಯನ್ನು ಸರ್ಕಾರವು ತಾನಾಗಿ ಹೊತ್ತಿರಲಿಲ್ಲ. ಅವರ ಶಾಲೆಗಳಲ್ಲಿ ಬಹುಪಾಲು ಬೇರೆ ಬೇರೆ ಮಿಷನ್ನುಗಳವೇ ಆಗಿದ್ದವು. ಸರ್ಕಾರವು ಶಿಕ್ಷಕರ ವೇತನಕ್ಕೆ ಅನುದಾನ ನೀಡುತ್ತಿತ್ತು, ಆಡಳಿತವು ಮಿಷನ್ನಿನ ಕೈಯಲ್ಲಿತ್ತು. ಈ ಮಿಷನ್ನುಗಳು ದೋಷರಹಿತವಾಗಿದ್ದವೆಂದು ಹೇಳಲಾಗದು. ಆಫ್ರಿಕನ್ನರ ಸಂಪ್ರದಾಯಗಳನ್ನು ಕೀಳಾಗಿ ಕಂಡವರೂ, ಬಿಳಿಯನು ಯಜಮಾನ, ಕರಿಯನು ಎಂದೆಂದಿಗೂ ಶಿಷ್ಯ ಎಂಬ ಭಾವನೆಯನ್ನು ಬಿಡದವರೂ ಅವುಗಳಲ್ಲಿ ಅನೇಕರಿದ್ದರು. ಆದರೆ ಸೇಂಟ್ ಪೀಟರ್ಸ್‌ನಂತಹ ಶಾಲೆಗಳಲ್ಲಿ ಒಂದು ವಿಶೇಷವಿತ್ತು. ಬಿಳಿಯರ ಮಕ್ಕಳು ಬರೆಯುವ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನೇ ಇಲ್ಲಿನ ಮಕ್ಕಳೂ ಬರೆಯುತ್ತಿದ್ದರು.

ಇದರ ಮಹತ್ವವನ್ನು ತಿಳಿಯಲು ಒಬ್ಬ ವಿದ್ಯಾರ್ಥಿಯ ಉದಾಹರಣೆ ಸಾಕು. ಪೊಂಡೊಲ್ಯಾಂಡಿನ ಹಳ್ಳಿಯೊಂದರ ರೈತಕುಟುಂಬದಲ್ಲಿ 1917ರಲ್ಲಿ ಜನಿಸಿದ ಆಲಿವರ್ ಟಾಂಬೊ ಈ ಶಾಲೆಯಲ್ಲಿ ಓದಿ, 1938ರಲ್ಲಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾಗಿ, ವಿದ್ಯಾರ್ಥಿವೇತನ ಪಡೆದು ಫೋರ್ಟ್ ಹೇರ್ ಕಾಲೇಜನ್ನು ಸೇರಿದರು. ವಿದ್ಯಾರ್ಥಿ ಚಳವಳಿಯ ನಿಮಿತ್ತ ಅಲ್ಲಿಂದ ಹೊರಹಾಕಲ್ಪಟ್ಟಾಗ ಅವರಿಗೆ ಆಶ್ರಯವಿತ್ತುದು ಹಳೆಯ ಶಾಲೆಯೇ. 1943ರಿಂದ ಕೆಲವು ವರ್ಷ ಅವರು ಸೇಂಟ್ ಪೀಟರ್ಸ್‌ನಲ್ಲಿ ಗಣಿತ ಮತ್ತು ವಿಜ್ಞಾನವನ್ನು ಬೋಧಿಸಿದರು. ಮುಂದೆ ನೆಲ್ಸನ್ ಮಂಡೇಲಾ ಅವರೊಡನೆ ವಕೀಲಿ ಕಚೇರಿ ನಡೆಸಿದವರೂ, ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸನ್ನು ದೇಶಭ್ರಷ್ಟರಾಗಿ ದೀರ್ಘಕಾಲ ಮುನ್ನಡೆಸಿದವರೂ ಇವರೇ. ಕಪ್ಪುಮಕ್ಕಳಿಗೆ ಕಪ್ಪು ಅಧ್ಯಾಪಕನೊಬ್ಬನು ಗಣಿತ ಕಲಿಸುತ್ತಿದ್ದನೆಂಬ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಟಾಂಬೊ ಅಧ್ಯಾಪಕರಾಗಿ ಬಂದ 1943ರಲ್ಲಿಯೇ ಮಿರ್‌ಫೀಲ್ಡಿನಿಂದ 30 ವರ್ಷದ ಟ್ರೆವರ್ ಹಡ್ಲ್‌ಸ್ಟನ್ ಎಂಬ ಪಾದ್ರಿಯೂ ಜೋಹಾನ್ಸ್‌ಬರ್ಗಿಗೆ ಬಂದರು. ಸಂಘದ ಆಜ್ಞೆಯಂತೆ ಅವರು ನೆಲೆಸಿದುದು ಸೋಫಿಯಾಟೌನ್ ಎಂಬ ಬಡವರ ಬಡಾವಣೆಯಲ್ಲಿ. ನಗರದ ಪಶ್ಚಿಮಕ್ಕಿದ್ದ ಈ ಬಡಾವಣೆಯಲ್ಲಿ ಕಪ್ಪುಜನರು ನಿವೇಶನವನ್ನು ಸ್ವಂತ ಹೆಸರಿನಲ್ಲಿ ಕೊಳ್ಳಬಹುದಾಗಿತ್ತು. ಆ ದೇಶದಲ್ಲಿ ಅದು ಅಪರೂಪದ ಹಕ್ಕು. ಒಂದೊಂದು ಹಿತ್ತಲಿನಲ್ಲಿಯೂ ತಗಡಿನ ಗುಡಿಸಲುಗಳು, ಒಂದೊಂದು ಕೋಣೆಯಲ್ಲಿಯೂ ಒಂದೊಂದು ಸಂಸಾರ. ಬಡತನ, ಕಳ್ಳಭಟ್ಟಿ, ಪುಂಡರ ಗುಂಪುಗಳು ಎಲ್ಲವೂ ಅಲ್ಲಿದ್ದವು. ಅದರ ನಡುವೆಯೇ ಸಂಗೀತವೂ ಸಾಹಿತ್ಯವೂ ಬೆಳೆದವು. ಆಫ್ರಿಕನ್ನರು, ಮಿಶ್ರವರ್ಣದವರು, ಭಾರತೀಯರು, ಚೀನೀಯರು ಅಕ್ಕಪಕ್ಕದಲ್ಲಿ ಬಾಳುತ್ತಿದ್ದರು.

ಅಲ್ಲಿ ಪಾದ್ರಿಯ ದಿನಚರಿ ಪ್ರಾತಃಕಾಲದ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಆಮೇಲೆ ಬಾಗಿಲಲ್ಲಿ ಜನ ಕಾದಿರುತ್ತಿದ್ದರು. ‘ಪಾಸ್’ ಎಂಬ ಗುರುತಿನ ಪತ್ರ ಜೇಬಿನಲ್ಲಿಲ್ಲವೆಂಬ ಕಾರಣಕ್ಕೆ ಪೊಲೀಸರು ಹಿಡಿದೊಯ್ದ ಹುಡುಗನಿಗಾಗಿ ಠಾಣೆಗೆ ಹೋಗಬೇಕು, ನ್ಯಾಯಾಲಯದಲ್ಲಿ ನಿಲ್ಲಬೇಕು. ತಾಯಂದಿರು ಮುಂಜಾನೆಯೇ ಬಿಳಿಯರ ಮನೆಗೆಲಸಕ್ಕೆ ಹೋದಮೇಲೆ ಹಸಿದುಕೊಂಡೇ ಶಾಲೆಗೆ ಬರುವ ಮಕ್ಕಳನ್ನು ಕಂಡು, ಹಡ್ಲ್‌ಸ್ಟನ್ ಅವರ ಮುಂದಾಳುತನದಲ್ಲಿ 1945ರಲ್ಲಿ ಆಫ್ರಿಕನ್ ಮಕ್ಕಳ ಆಹಾರ ಯೋಜನೆ ಆರಂಭವಾಯಿತು. ಆಹಾರ, ಅಭಯ, ಔಷಧ, ಶಾಸ್ತ್ರವೆಂದು ನಮ್ಮ ಹಿರಿಯರು ಹೇಳಿದ ನಾಲ್ಕು ದಾನಗಳೂ ಒಂದೇ ಬೀದಿಯಲ್ಲಿ ನಡೆಯುತ್ತಿದ್ದವೆನ್ನಬಹುದು.

ಡೆಸ್ಮಂಡ್ ಟೂಟು ಅವರು ಹೇಳುತ್ತಿದ್ದ ಎರಡು ನೆನಪುಗಳು ಪ್ರಸಿದ್ಧವಾಗಿವೆ. ಅವರ ತಾಯಿ ಅಡಿಗೆಯ ಕೆಲಸ ಮಾಡುತ್ತಿದ್ದ ಬಡ ಹೆಂಗಸು. ಒಂದು ದಿನ ಬಿಳಿಯ ಪಾದ್ರಿಯೊಬ್ಬನು ಎದುರಿಗೆ ಬಂದವನು ಆ ತಾಯಿಗೆ ಟೋಪಿ ತೆಗೆದು ವಂದಿಸಿದನು. ಬಿಳಿಯನು ಕರಿಯ ಹೆಂಗಸಿಗೆ ಗೌರವ ತೋರಿದುದನ್ನು ಬಾಲಕ ಟೂಟು ಅದುವರೆಗೆ ಕಂಡಿರಲಿಲ್ಲ. ಆ ಪಾದ್ರಿಯೇ ಹಡ್ಲ್‌ಸ್ಟನ್. ಕೆಲವು ವರ್ಷಗಳಾದಮೇಲೆ ಟೂಟು ಕ್ಷಯರೋಗದಿಂದ ಒಂದೂವರೆ ವರ್ಷಕ್ಕೂ ಮಿಕ್ಕು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅದೇ ಪಾದ್ರಿ ವಾರವಾರವೂ ಬಂದು ಹಾಸಿಗೆಯ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದರು. 1984ರಲ್ಲಿ ಶಾಂತಿ ನೊಬೆಲ್ ಪಡೆದ ಈ ಟೂಟು ತಮ್ಮ ಮಗನಿಗೆ ಇಟ್ಟ ಹೆಸರು ಟ್ರೆವರ್.

1949ರಲ್ಲಿ ಹಡ್ಲ್‌ಸ್ಟನ್ ಸೇಂಟ್ ಪೀಟರ್ಸ್ ಶಾಲೆಯ ಮೇಲ್ವಿಚಾರಣೆಯನ್ನೂ ವಹಿಸಿಕೊಂಡರು. ಅಲ್ಲಿ ಹ್ಯೂ ಮಸೆಕೆಲಾ ಎಂಬ ತುಂಟ ಹುಡುಗನೊಬ್ಬನು ತನಗೊಂದು ಟ್ರಂಪೆಟ್ ದೊರೆತರೆ ಇನ್ನು ತಂಟೆ ಮಾಡುವುದಿಲ್ಲವೆಂದಾಗ, ಬೈದು ಕಳುಹಿಸದೆ ವಾದ್ಯವನ್ನು ತರಿಸಿಕೊಟ್ಟರು. ಆ ಹುಡುಗನು ಮುಂದೆ ಜಗತ್ಪ್ರಸಿದ್ಧ ವಾದಕನಾದನು.

ಆದರೆ ಅಷ್ಟರಲ್ಲಿ ಕಾಲ ಬದಲಾಗಿತ್ತು. ವರ್ಣಭೇದವನ್ನೇ ರಾಜ್ಯನೀತಿಯಾಗಿ ಸಾರಿದ ನ್ಯಾಷನಲ್ ಪಕ್ಷವು 1948ರಲ್ಲಿ ಅಧಿಕಾರಕ್ಕೆ ಬಂದಿತು. ಕಪ್ಪುಜನರ ಶಿಕ್ಷಣವನ್ನು ಪರಿಶೀಲಿಸಲು ನೇಮಿಸಲಾದ ಆಯೋಗವು 1951ರಲ್ಲಿ ವರದಿಯನ್ನು ಸಲ್ಲಿಸಿ, ಶಾಲೆಗಳನ್ನು ಮಿಷನ್ನುಗಳ ಕೈಯಿಂದ ತೆಗೆದು ಸರ್ಕಾರಕ್ಕೆ ಒಪ್ಪಿಸಬೇಕೆಂದಿತು. ಆ ಆಯೋಗದ ಅಧ್ಯಕ್ಷ ವರ್ನರ್ ಐಸೆಲನ್ ಸ್ವತಃ ಜರ್ಮನ್ ಮಿಷನರಿಯೊಬ್ಬರ ಮಗ! 1953ರಲ್ಲಿ ‘ಬಂಟು ಶಿಕ್ಷಣ ಕಾಯಿದೆ’ ಜಾರಿಗೆ ಬಂದಿತು. ಸಚಿವ ವೆರ್ವೋರ್ಡ್ ಸಂಸತ್ತಿನಲ್ಲಿ ಅದರ ಉದ್ದೇಶವನ್ನು ಮುಚ್ಚುಮರೆಯಿಲ್ಲದೆ ಹೇಳಿದನು. ಬಿಳಿಯರ ಸಮಾಜದಲ್ಲಿ ಕರಿಯನಿಗೆ ಕೆಲವು ಬಗೆಯ ಕೂಲಿಗಿಂತ ಮೇಲಣ ಸ್ಥಾನವಿಲ್ಲ. ಬಳಸಲಾಗದ ಗಣಿತವನ್ನು ಕರಿಯ ಮಗುವಿಗೆ ಕಲಿಸಿ ಪ್ರಯೋಜನವೇನು ಎಂಬುದು ಅವನ ವಾದದ ತಿರುಳು. ಟಾಂಬೊ ಗಣಿತ ಹೇಳಿಕೊಟ್ಟ ಕೊಠಡಿಗೆ ಈ ಮಾತು ನೇರವಾಗಿ ತಾಗುತ್ತಿತ್ತು.

ಮಿಷನ್ನುಗಳ ಮುಂದೆ ಈಗ ಕಠಿಣವಾದ ಆಯ್ಕೆ ನಿಂತಿತು. ಶಾಲೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಇಲ್ಲವಾದರೆ ಅನುದಾನವನ್ನು ಕಳೆದುಕೊಳ್ಳಬೇಕು. ಹಾಗೆ ಸ್ವಂತ ಹಣದಿಂದ ನಡೆಸುವುದಕ್ಕೂ ಸರ್ಕಾರದ ನೋಂದಣಿ ಬೇಕು. ಸಜ್ಜನರೇ ಇಲ್ಲಿ ಬೇರೆ ಬೇರೆ ದಾರಿ ಹಿಡಿದರು. ಕೆಟ್ಟ ಶಾಲೆಯಾದರೂ ಬೀದಿಗಿಂತ ಲೇಸು, ಮಕ್ಕಳನ್ನು ಹೊರದೂಡಲಾಗದು ಎಂದು ಆರ್ಚ್‌ಬಿಷಪ್ ಕ್ಲೇಟನ್ ಮೊದಲಾದವರು ಭಾರವಾದ ಮನಸ್ಸಿನಿಂದ ಕಟ್ಟಡಗಳನ್ನು ಬಿಟ್ಟುಕೊಡಲು ಒಪ್ಪಿದರು. ರೋಮನ್ ಕ್ಯಾಥೊಲಿಕರು ಅನುದಾನವಿಲ್ಲದೆಯೇ ಚಂದಾ ಎತ್ತಿ ತಮ್ಮ ಶಾಲೆಗಳನ್ನು ನಡೆಸಲು ನಿರ್ಧರಿಸಿದರು. ಜೋಹಾನ್ಸ್‌ಬರ್ಗಿನ ಬಿಷಪ್ ಆಂಬ್ರೋಸ್ ರೀವ್ಸ್, ದಾಸ್ಯವನ್ನು ಕಲಿಸುವುದಕ್ಕೆ ಚರ್ಚಿನ ಕಟ್ಟಡವನ್ನು ಬಾಡಿಗೆಗೂ ಕೊಡಲಾರೆವೆಂದು 1955ರಲ್ಲಿ ತಮ್ಮ ಪ್ರಾಂತದ ಶಾಲೆಗಳನ್ನು ಮುಚ್ಚಿದರು. ಹಡ್ಲ್‌ಸ್ಟನ್ ಅವರ ನಿಲುವೂ ಇದೇ. ದಶಕಗಳ ಶ್ರಮದಿಂದ ಬೆಳೆದ ಸೇಂಟ್ ಪೀಟರ್ಸ್ ಶಾಲೆಯನ್ನು ಸರ್ಕಾರಕ್ಕೆ ಒಪ್ಪಿಸುವುದಕ್ಕಿಂತ ಮುಚ್ಚುವುದೇ ಮೇಲೆಂದು ಸಂಘವು ತೀರ್ಮಾನಿಸಿತು. 1956ರಲ್ಲಿ ಶಾಲೆಯ ಬಾಗಿಲು ಮುಚ್ಚಿತು.

ನೇಟಾಲಿನಲ್ಲಿ ಅಮೆರಿಕನ್ ಮಿಷನ್ನಿನವರು 1853ರಲ್ಲಿ ಸ್ಥಾಪಿಸಿದ ಆಡಮ್ಸ್ ಕಾಲೇಜಿಗೂ ಅದೇ ಗತಿಯಾಯಿತು. 1960ರ ಶಾಂತಿ ನೊಬೆಲ್ ಪಡೆದ ಆಲ್ಬರ್ಟ್ ಲುಥುಲಿ ಕಲಿತು ಕಲಿಸಿದ ಸಂಸ್ಥೆಯದು. ಹಿಂದೆ ವೆಸ್ಟ್ ಇಂಡೀಸ್ ಕ್ರಿಕೆಟ್ ತಂಡದ ನಾಯಕರಾಗಿದ್ದ ಜ್ಯಾಕ್ ಗ್ರ್ಯಾಂಟ್ ಆಗ ಅದರ ಪ್ರಾಂಶುಪಾಲರು. ಖಾಸಗಿ ಸಂಸ್ಥೆಯಾಗಿ ನಡೆಸುತ್ತೇವೆಂದು ಅವರು ಬೇಡಿದರೂ ಸರ್ಕಾರ ನೋಂದಣಿಯನ್ನು ನಿರಾಕರಿಸಿತು. 1956ರ ಕೊನೆಯಲ್ಲಿ ಅದೂ ಕೈಬಿಟ್ಟುಹೋಯಿತು, ಹೆಸರನ್ನೂ ಬದಲಾಯಿಸಲಾಯಿತು.

ಈ ತ್ಯಾಗವನ್ನು ಕೊಂಡಾಡುವ ಮೊದಲು ಅದರ ಬೆಲೆಯನ್ನು ತೆತ್ತವರು ಯಾರೆಂದು ನೋಡುವುದು ನ್ಯಾಯ. ಪಾದ್ರಿಗಳಲ್ಲ, ಮಕ್ಕಳು. 1955ರ ಏಪ್ರಿಲ್‌ನಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಹೊಸ ಶಾಲೆಗಳನ್ನು ಬಹಿಷ್ಕರಿಸುವಂತೆ ಕರೆಯಿತ್ತಾಗ, ಮನೆಯಲ್ಲಿ ಉಳಿದ ಸಾವಿರಾರು ಮಕ್ಕಳ ಹೆಸರನ್ನು ಸರ್ಕಾರ ತೆಗೆದುಹಾಕಿತು. ನೋಂದಣಿಯಿಲ್ಲದೆ ಪಾಠ ಹೇಳುವುದು ಅಪರಾಧವಾಗಿತ್ತು. ಆದುದರಿಂದ ಸ್ವಯಂಸೇವಕರು ‘ಸಾಂಸ್ಕೃತಿಕ ಸಂಘ’ಗಳೆಂಬ ಹೆಸರಿನಲ್ಲಿ ಮಕ್ಕಳನ್ನು ಕೂಡಿಸಿ, ಕರಿಹಲಗೆಯಿಲ್ಲದೆ, ಹಾಡು, ಕಥೆ, ಆಟಗಳ ಮೂಲಕವೇ ಕಲಿಸತೊಡಗಿದರು. ಆದರೆ ಕೆಲವೇ ವರ್ಷಗಳಲ್ಲಿ ಅವು ಕ್ಷೀಣಿಸಿದವು. ಅನೇಕ ತಾಯಿತಂದೆಗಳು ಬೇರೆ ದಾರಿಯಿಲ್ಲದೆ ಸರ್ಕಾರಿ ಶಾಲೆಗೇ ಮಕ್ಕಳನ್ನು ಕಳುಹಿಸಿದರು. ಅವರನ್ನು ದುರ್ಬಲರೆನ್ನುವ ಅಧಿಕಾರ ನಮಗಿಲ್ಲ.

ಸೋಫಿಯಾಟೌನ್ ಕೂಡ ಉಳಿಯಲಿಲ್ಲ. 1955ರ ಫೆಬ್ರವರಿ 9ರಂದು ಸುಮಾರು 2,000 ಶಸ್ತ್ರಸಜ್ಜಿತ ಪೊಲೀಸರ ಕಾವಲಿನಲ್ಲಿ ತೆರವು ಆರಂಭವಾಯಿತು. ಮನೆಗಳನ್ನು ಕೆಡವಿ ಜನರನ್ನು ದೂರದ ಮೆಡೋಲ್ಯಾಂಡ್ಸ್‌ಗೆ ಸಾಗಿಸಲಾಯಿತು. ಆ ವರ್ಷ ಜೂನ್ 26ರಂದು ಕ್ಲಿಪ್‌ಟೌನ್‌ನ ಜನಮಹಾಸಭೆಯು ಲುಥುಲಿ, ಭಾರತೀಯ ಮೂಲದ ಯೂಸುಫ್ ದಾದೂ ಮತ್ತು ಹಡ್ಲ್‌ಸ್ಟನ್ ಈ ಮೂವರಿಗೆ ಅತ್ಯುನ್ನತ ಗೌರವವನ್ನು ಅರ್ಪಿಸಿತು. ಅದೇ ವರ್ಷದ ಕೊನೆಯಲ್ಲಿ ಸಂಘದ ಮುಖ್ಯಸ್ಥರಿಂದ ಹಡ್ಲ್‌ಸ್ಟನ್ ಅವರಿಗೆ ಇಂಗ್ಲೆಂಡಿಗೆ ಹಿಂದಿರುಗುವಂತೆ ಆಜ್ಞೆ ಬಂದಿತು. ಹೃದಯವು ಆ ಬೀದಿಗಳಲ್ಲಿಯೇ ನೆಟ್ಟಿತ್ತು. ಆದರೂ ವ್ರತ ವ್ರತವೇ. ಅವರು ಆಜ್ಞೆಯನ್ನು ಪಾಲಿಸಿ ಹೊರಟರು.

ಮುಚ್ಚಿದ ಶಾಲೆಯ ಫಲವೇನಾಯಿತು? ಆಗ ಶಿಕ್ಷಕರಾಗಿದ್ದ ಟೂಟು, ತಮ್ಮ ವಿದ್ಯಾರ್ಥಿಗಳಿಗೆ ಈ ಕೀಳು ಶಿಕ್ಷಣವನ್ನು ಕೊಡಲಾರೆನೆಂದು ವೃತ್ತಿಯನ್ನು ತ್ಯಜಿಸಿ, ರೋಸೆಟನ್‌ವಿಲ್‌ನಲ್ಲಿ ಅದೇ ಸಂಘದವರ ಗುರುಕುಲವನ್ನು ಸೇರಿ ಪಾದ್ರಿಯಾದರು. ಬಂಟು ಶಿಕ್ಷಣದಲ್ಲಿಯೇ ಬೆಳೆದ ಮಕ್ಕಳು 1976ರ ಜೂನ್ 16ರಂದು ಸೊವೆಟೊದಲ್ಲಿ ಬೀದಿಗಿಳಿದಾಗ ಗುಂಡಿನೇಟಿಗೆ ಬಲಿಯಾದರು. ಆ ಕಾಯಿದೆಯು 1979ರಲ್ಲಿ ರದ್ದಾಯಿತು. ಸರ್ವರೂ ಮತ ಚಲಾಯಿಸಿದ ಚುನಾವಣೆ ನಡೆದುದು 1994ರಲ್ಲಿ. ಹಡ್ಲ್‌ಸ್ಟನ್ ಆ ದಿನವನ್ನು ಕಂಡರು. 1998ರ ಏಪ್ರಿಲ್ 20ರಂದು ಇಂಗ್ಲೆಂಡಿನಲ್ಲಿ ನಿಧನರಾದ ಅವರ ಚಿತಾಭಸ್ಮವನ್ನು ಸೋಫಿಯಾಟೌನಿನ ಕ್ರೈಸ್ಟ್ ದ ಕಿಂಗ್ ಚರ್ಚಿನ ಆವರಣದಲ್ಲಿ ಇರಿಸಲಾಗಿದೆ.

ಕಟ್ಟಡವನ್ನು ಬಿಟ್ಟುಕೊಟ್ಟವರು ತಪ್ಪಿದರು, ಮುಚ್ಚಿದವರೇ ಸರಿ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭವಲ್ಲ. ಒಬ್ಬರು ಇಂದಿನ ಮಗುವನ್ನು ನೋಡಿದರು, ಇನ್ನೊಬ್ಬರು ಆ ಮಗುವಿಗೆ ಕಲಿಸಹೊರಟ ಪಾಠವನ್ನು ನೋಡಿದರು. ಎರಡೂ ದೃಷ್ಟಿಗಳಲ್ಲಿ ಸತ್ಯಾಂಶವಿದೆ. ಆದರೂ ಒಂದು ಮಾತನ್ನು ಹೇಳಬಹುದು. ಮುಚ್ಚುವ ಅಧಿಕಾರವು ಹಡ್ಲ್‌ಸ್ಟನ್ ಅವರಿಗೆ ಬಂದುದು ಬಾಗಿಲು ಹಾಕಿದ ದಿನದಿಂದಲ್ಲ. ಹಸಿದ ಮಕ್ಕಳಿಗೆ ಉಣಿಸಿ, ಠಾಣೆಯ ಮೆಟ್ಟಿಲು ಹತ್ತಿ, ರೋಗಿಯ ಬಳಿ ಕುಳಿತು ಕಳೆದ ಹನ್ನೆರಡು ವರ್ಷಗಳಿಂದ ಅದು ಬಂದಿತ್ತು. ದೂರದಲ್ಲಿದ್ದು ತತ್ತ್ವವನ್ನು ಹೇಳುವವನು ಅದೇ ನಿರ್ಧಾರ ಮಾಡಿದ್ದರೆ ಅದು ನಿಷ್ಠುರತೆಯಾಗುತ್ತಿತ್ತು.

ನಮ್ಮಲ್ಲಿಯೂ ಟ್ರಸ್ಟುಗಳಿವೆ, ಶಾಲೆಗಳಿವೆ, ವಿದ್ಯಾರ್ಥಿನಿಲಯಗಳಿವೆ. ಅಂತಹ ಘೋರವಾದ ಆಯ್ಕೆ ನಮಗೆ ಬಾರದಿರಲಿ. ಆದರೆ ಸಂಸ್ಥೆಯನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ಮೋಹವು ಸಂಸ್ಥೆಯ ಉದ್ದೇಶವನ್ನೇ ಮರೆಸುವ ಸಂದರ್ಭಗಳು ಚಿಕ್ಕ ರೂಪದಲ್ಲಿ ಎಲ್ಲ ಆಡಳಿತ ಮಂಡಳಿಗಳ ಮುಂದೆಯೂ ಬರುತ್ತವೆ. ಅನುದಾನಕ್ಕಾಗಿ ಒಂದು ಸುಳ್ಳು ಲೆಕ್ಕ, ದಾನಿಯ ಮನಸ್ಸಿಗೆ ನೋವಾಗಬಾರದೆಂದು ಬಡ ವಿದ್ಯಾರ್ಥಿಗೆ ಒಂದು ನಿರಾಕರಣೆ. ಆಗ ಸಭೆಯಲ್ಲಿ ಕುಳಿತವರು, ಈ ಶಾಲೆಯನ್ನು ಯಾರಿಗಾಗಿ ಕಟ್ಟಿದೆವು ಎಂದು ಒಮ್ಮೆ ಕೇಳಿಕೊಂಡರೆ ಸಾಕು.