ಮೊಬೈಲಿನ ಕ್ಯಾಲೊರಿ ಲೆಕ್ಕ ಯಾರ ಮೈಯದು?

ಶುಗರ್ ಬಂದ ಮೇಲೆ ನಮ್ಮ ವಡಗೇರಾದಲ್ಲೂ ಕೆಲವರು ಊಟದ ಕ್ಯಾಲೊರಿಯನ್ನು ಮೊಬೈಲಿನಲ್ಲಿ ಬರೆದಿಡುತ್ತಾರೆ. ತೂಕ, ಎತ್ತರ, ವಯಸ್ಸು ಹಾಕಿದರೆ ಆ್ಯಪ್ ಒಂದು ಸಂಖ್ಯೆ ಕೊಡುತ್ತದೆ. ಸುಮ್ಮನೆ ಮಲಗಿದ್ದರೂ ಮೈ ದಿನಕ್ಕೆ ಇಷ್ಟು ಸುಡುತ್ತದೆ ಎಂಬ ಲೆಕ್ಕ ಅದು. ಆದರೆ ಅದು ನಿಮ್ಮನ್ನು ಅಳೆದು ಬಂದದ್ದಲ್ಲ, ಸೂತ್ರದಿಂದ ಬಂದದ್ದು.

1919ರಲ್ಲಿ ಅಮೆರಿಕದ ಹ್ಯಾರಿಸ್, ಬೆನೆಡಿಕ್ಟ್ ಇಂಥದೊಂದು ಸೂತ್ರ ಕೊಟ್ಟರು. 1985ರಲ್ಲಿ ವಿಶ್ವಸಂಸ್ಥೆಯ ತಜ್ಞರ ವರದಿ ಸ್ಕೋಫೀಲ್ಡ್ ಸೂತ್ರವನ್ನು ಹಿಡಿಯಿತು. ಅದರ ಹಿಂದಿದ್ದ ಏಳು ಸಾವಿರ ಚಿಲ್ಲರೆ ಅಳತೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಇಟಲಿಯವರದು!

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೋ ಸೋರೆಸ್ ಮತ್ತು ಜೊತೆಗಾರರು ನಮ್ಮವರನ್ನೇ ಅಳೆದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಎಚ್ಚರವಿದ್ದು ಅಲುಗಾಡದೆ ಮಲಗಿರಬೇಕು. ಉಸಿರಾಟದಲ್ಲಿ ಎಷ್ಟು ಆಮ್ಲಜನಕ ಖರ್ಚಾಯಿತೆಂದು ನೋಡುತ್ತಾರೆ. ಸೂತ್ರ ಹೇಳುವುದಕ್ಕಿಂತ ಭಾರತೀಯರ ಮೈ ಕಡಿಮೆ ಸುಡುತ್ತದೆ ಎಂದು ಅವರು 1988ರಲ್ಲಿ ಬರೆದರು. 1993ರಲ್ಲಿ ಭಾರತದ ಗಂಡಸರಿಗೆಂದೇ ಬೇರೆ ಸೂತ್ರ ಕೊಟ್ಟರು. ಐಸಿಎಂಆರ್ ಕೂಡ ಆ ಕಾಲದಲ್ಲಿ ಲೆಕ್ಕವನ್ನು ಶೇ 5ರಷ್ಟು ಇಳಿಸಿತ್ತು.

45 ವರ್ಷದ, 60 ಕೆಜಿ ತೂಕದ ಗಂಡಸಿಗೆ ಸ್ಕೋಫೀಲ್ಡ್ ಲೆಕ್ಕ ಸುಮಾರು 1,560 ಕ್ಯಾಲೊರಿ. ಅಳೆದಾಗ ಶೇ 10 ಕಡಿಮೆ ಬಂತೆನ್ನಿ, ಒಂದು ಜೋಳದ ರೊಟ್ಟಿಯಷ್ಟು ವ್ಯತ್ಯಾಸ. ದಿನಾ ಒಂದು ರೊಟ್ಟಿ ಬಿಟ್ಟೆ ಅಂತ ಆತ ಅಂದುಕೊಂಡಿರುತ್ತಾನೆ, ತೂಕ ಮಾತ್ರ ಅಲ್ಲೇ. ಮನೆಯವರು ಕದ್ದು ತಿಂತಾನೆ ಅಂತಾರೆ, ಪಾಪ.

ಅಳೆಯುವ ಯಂತ್ರ ಎಲ್ಲ ಊರಲ್ಲೂ ಸಿಗುವಂಥದಲ್ಲ. ಎರಡು ಮೂರು ವಾರ ಊಟವನ್ನೂ ತೂಕವನ್ನೂ ಬಿಡದೆ ಬರೆಯಿರಿ. ತೂಕ ಏರದೆ ಇಳಿಯದೆ ನಿಂತಾಗ ದಿನಕ್ಕೆಷ್ಟು ಉಂಡಿರೋ ಅದೇ ನಿಮ್ಮ ಪೂರ್ತಿ ದಿನದ ಖರ್ಚು. ಶುಗರ್ ಗುಳಿಗೆ ನುಂಗುವವರು ಊಟ ಇಳಿಸುವ ಮುಂಚೆ ಡಾಕ್ಟರನ್ನು ಕೇಳಿ.