ವಿದುರಾಶ್ವತ್ಥದ ಗುಂಡು, ಬೆಂಗಳೂರಿನ ಮಾತುಕತೆ

1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ನಿಷೇಧಾಜ್ಞೆ ಮೀರಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬ ವಿಷಯದಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆ ಬೀಳಲಿಲ್ಲ. ತಿಂಗಳು ತುಂಬುವುದರೊಳಗೆ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದರು. ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ಸಿಕ್ಕಿತು. ಸಮಾರಂಭಗಳಲ್ಲಿ ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದೆಂದಾಯಿತು.

ದಿವಾನರನ್ನು ಮಾತಿಗೆ ಕೂರಿಸಿದ್ದು ಸತ್ತವರ ರಕ್ತವೇ ಹೊರತು ಸಂವಾದದ ಮೇಲಿನ ಪ್ರೀತಿಯಲ್ಲ ಎಂದು ವಾದಿಸಬಹುದು. ಅದು ಅರ್ಧ ಸತ್ಯ. ಹಳ್ಳಿಯ ಜನ ಆ ಬಾವುಟದ ಕೆಳಗೆ ಬಂದು ನಿಂತಿದ್ದಾದರೂ ಹೇಗೆ? ಅದಕ್ಕೂ ಮೊದಲು ಮೈಸೂರು ಕಾಂಗ್ರೆಸ್ಸು ಬಹುಮಟ್ಟಿಗೆ ಪಟ್ಟಣದ ಬ್ರಾಹ್ಮಣ ವಿದ್ಯಾವಂತರ ಸಂಸ್ಥೆ ಎನಿಸಿಕೊಂಡಿತ್ತು. ಬ್ರಾಹ್ಮಣೇತರರ ಪಕ್ಷಗಳು ಅದನ್ನು ಸಂಶಯದಿಂದಲೇ ನೋಡುತ್ತಿದ್ದವು. 1937ರಲ್ಲಿ ಕೋಲಾರ ಸೀಮೆಯ ಕೆ.ಸಿ. ರೆಡ್ಡಿಯವರೇ ಮುಂತಾದ ಬ್ರಾಹ್ಮಣೇತರರ ಪ್ರಜಾ ಸಂಯುಕ್ತ ಪಕ್ಷ ಮಾತುಕತೆಯ ನಂತರ ಕಾಂಗ್ರೆಸ್ಸಿನಲ್ಲಿ ಸೇರಿತು. ವರ್ಷಗಳ ಮುನಿಸನ್ನು ಕಳೆದ ಆ ಮಾತುಕತೆ ನಡೆಯದಿದ್ದರೆ ಚಳವಳಿಗೆ ಹಳ್ಳಿಗಳ ಬಲ ಇಷ್ಟು ಬೇಗ ಕೂಡಿಬರುತ್ತಿರಲಿಲ್ಲ. ನನ್ನ ದೃಷ್ಟಿಯಲ್ಲಿ 1938ರ ಒಪ್ಪಂದಕ್ಕಿಂತ ಈ ಕೂಡಿಕೆಯೇ ದೊಡ್ಡದು.

ಒಪ್ಪಂದದ ಕೊರತೆ ಕಾಣುವುದೂ ಈ ಕೂಡಿಕೆಯ ಪಕ್ಕದಲ್ಲಿಟ್ಟು ನೋಡಿದಾಗಲೇ. ಮಾತುಕತೆ ನಡೆದದ್ದು ಮುಖ್ಯವಾಗಿ ದಿವಾನರಿಗೂ ಅಖಿಲ ಭಾರತ ನಾಯಕರಿಗೂ ನಡುವೆ. ಗುಂಡಿಗೆ ಎದೆಯೊಡ್ಡಿದ ರೈತರ ಕಡೆಯ ದನಿ ಅಲ್ಲಿ ಇರಲಿಲ್ಲ. ಎಲ್ಲರನ್ನೂ ಕೂರಿಸಹೊರಟಿದ್ದರೆ ಮಾತು ಮುಗಿಯುತ್ತಲೇ ಇರಲಿಲ್ಲ, ಅಷ್ಟರಲ್ಲಿ ಇನ್ನಷ್ಟು ಹೆಣ ಬೀಳುತ್ತಿತ್ತು ಎಂಬ ಆಕ್ಷೇಪಕ್ಕೆ ತೂಕವಿದೆ. ಬಾವುಟದ ವಿಷಯಕ್ಕೆ ಆ ಅವಸರ ಸರಿಯಾಗಿಯೇ ಇತ್ತು, ಅದು ಬೇಗ ಇತ್ಯರ್ಥವೂ ಆಯಿತು. ಆದರೆ ಜಗಳದ ಬೇರು ಬಾವುಟವಲ್ಲ, ಜವಾಬ್ದಾರಿ ಸರ್ಕಾರ: ಆಡಳಿತ ಅರಮನೆಗೆ ಉತ್ತರ ಹೇಳಬೇಕೋ, ಪ್ರಜೆಗಳಿಗೋ? ಅದನ್ನು ರಾಜಕೀಯ ಸುಧಾರಣಾ ಸಮಿತಿಯ ಪಾಲಿಗೆ ಬಿಟ್ಟರು. ಫಲ ಸಿಗಲಿಲ್ಲ, 1939ರಲ್ಲಿ ಸತ್ಯಾಗ್ರಹ ಮತ್ತೆ ಶುರುವಾಯಿತು.

ಆ ಪ್ರಶ್ನೆಗೆ ಉತ್ತರ ಸಿಗಲು ಒಂಬತ್ತು ವರ್ಷ ಬೇಕಾಯಿತು. ದೇಶ ಸ್ವತಂತ್ರವಾದ ಮೇಲೂ ಸಂಸ್ಥಾನ ಅಧಿಕಾರ ಬಿಟ್ಟುಕೊಡದಿದ್ದಾಗ 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ನಡೆಯಿತು. ವಿದ್ಯಾರ್ಥಿಗಳು, ಕಾರ್ಮಿಕರು, ರೈತರು ಬೀದಿಗಿಳಿದರು. ಈ ಸಲ ದಿವಾನ್ ರಾಮಸ್ವಾಮಿ ಮೊದಲಿಯಾರರ ಎದುರು ಮಾತಿಗೆ ಕೂತವರು ಮೈಸೂರಿನವರೇ. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.